ಎಣ್ಣೆ ಯಾಕೆ ಗಟ್ಟಿಯಾಯ್ತು?

ಚಳಿಗಾಲ ಬಂತು ಅಂತ ನಮಗೆ ಯಾರು ಹೇಳುತ್ತಾರೆ? ಗೋಡೆಯ ಮೇಲಿನ ಕ್ಯಾಲೆಂಡರ್ ಹೇಳುತ್ತದೆ. ಬೆಳಗಿನ ಮಂಜು ಹೇಳುತ್ತದೆ. ಇನ್ನೂ ಒಂದು ವಸ್ತು ಹೇಳುತ್ತದೆ. ಅದು ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯ ಬಾಟಲಿ.

ಅರಸೀಕೆರೆ ಸೀಮೆ ತೆಂಗಿನ ಸೀಮೆ. ಇಲ್ಲಿ ಬಲಿತ ಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇಟ್ಟು ಉಂಡೆ ಕೊಬ್ಬರಿ ಮಾಡುತ್ತಾರೆ. ಕೊಬ್ಬರಿ ಎಣ್ಣೆ ನಮಗೆ ಹೊಸದಲ್ಲ. ಬೇಸಿಗೆಯಲ್ಲಿ ಅದು ನೀರಿನ ಹಾಗೆ ಹರಿಯುತ್ತದೆ. ಮಾರ್ಗಶಿರ, ಪುಷ್ಯ ಮಾಸದ ಬೆಳಗಿನಲ್ಲಿ ಅದೇ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟುತ್ತದೆ. ಬಾಟಲಿಯನ್ನು ತಲೆಕೆಳಗೆ ಮಾಡಿದರೂ ಒಂದು ತೊಟ್ಟು ಬೀಳುವುದಿಲ್ಲ.

ಆಗ ಮನೆಯಲ್ಲಿ ಇಂಥ ಮಾತು ಕೇಳುತ್ತದೆ.

"ಯಾಕವ್ವಾ, ಎಣ್ಣೆ ಹಿಂಗಾಯ್ತು?"

"ಅಂಗಡಿಯವರು ಏನೋ ಬೆರೆಸವ್ರೆ ಕಣಪ್ಪ. ಮೇಣ ಹಾಕಿರ್ಬೇಕು. ಚೆಲ್ಲಿಬಿಡು."

ಮಗು ಕೇಳಿದ್ದು ಒಳ್ಳೆಯ ಪ್ರಶ್ನೆ. ಅದು ವಿಜ್ಞಾನದ ಪ್ರಶ್ನೆ. ಆದರೆ ಸಿಕ್ಕಿದ ಉತ್ತರ ಸರಿಯಲ್ಲ. ಅದರಿಂದ ಎರಡು ನಷ್ಟ ಆಯಿತು. ಒಳ್ಳೆಯ ಎಣ್ಣೆ ಮಣ್ಣುಪಾಲಾಯಿತು. ಮಗುವಿನ ಪ್ರಶ್ನೆಯೂ ಅಲ್ಲಿಗೇ ನಿಂತಿತು.

ನಾವು ಹಗಲು ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇವೆ. ಸಂಜೆ ನಿಮ್ಮ ಜೊತೆ ಕೂತು ಅಕ್ಷರ ಓದುತ್ತೇವೆ. "ನಾವು ಈಗ ತಾನೇ ಓದೋದು ಕಲಿತವರು. ಮಕ್ಕಳಿಗೆ ವಿಜ್ಞಾನ ಏನು ಹೇಳಿಕೊಡೋಕಾಗುತ್ತೆ?" ಎಂದು ತಾಯಂದಿರು ಕೇಳುತ್ತಾರೆ. ಈ ಪಾಠ ಅವರಿಗಾಗಿ. ಇದಕ್ಕೆ ಬೇಕಾದ ಸಾಮಾನೆಲ್ಲ ನಿಮ್ಮ ಅಡುಗೆಮನೆಯಲ್ಲೇ ಇದೆ.

ಕರಗುವುದು ಎಂದರೇನು?

ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆ ನೋಡಿದ್ದೀರಲ್ಲ? ಮಕ್ಕಳು ಸಾಲಾಗಿ ನಿಂತಿರುತ್ತಾರೆ. ಒಬ್ಬರ ಪಕ್ಕ ಒಬ್ಬರು. ನಿಂತಲ್ಲೇ ಸ್ವಲ್ಪ ಅಲುಗಾಡುತ್ತಾರೆ, ಆದರೆ ಸಾಲು ಬಿಡುವುದಿಲ್ಲ. ಗಂಟೆ ಹೊಡೆದರೆ ಸಾಲು ಒಡೆಯುತ್ತದೆ. ಮಕ್ಕಳು ಅಂಗಳದಲ್ಲೇ ಇರುತ್ತಾರೆ. ಆದರೆ ಒಬ್ಬರ ಪಕ್ಕದಿಂದ ಒಬ್ಬರು ಜಾರಿಕೊಂಡು ಓಡಾಡುತ್ತಾರೆ.

ಎಲ್ಲ ವಸ್ತುಗಳೂ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಿಂದ ಆಗಿವೆ. ಗಟ್ಟಿ ವಸ್ತುವಿನಲ್ಲಿ ಕಣಗಳು ಸಾಲಿನಲ್ಲಿ ನಿಂತ ಮಕ್ಕಳ ಹಾಗೆ ಇರುತ್ತವೆ. ಬಿಸಿ ಕೊಟ್ಟರೆ ಅವುಗಳ ಅಲುಗಾಟ ಹೆಚ್ಚುತ್ತದೆ. ಒಂದು ಮಟ್ಟ ಮುಟ್ಟಿದಾಗ ಸಾಲು ಒಡೆಯುತ್ತದೆ. ಗಟ್ಟಿ ವಸ್ತು ನೀರಾಗಿ ಹರಿಯುತ್ತದೆ. ಇದೇ ಕರಗುವುದು. ತಣ್ಣಗಾದರೆ ಕಣಗಳು ಮತ್ತೆ ಸಾಲಿಗೆ ಬರುತ್ತವೆ. ವಸ್ತು ಮತ್ತೆ ಗಟ್ಟಿಯಾಗುತ್ತದೆ.

ಯಾವ ವಸ್ತು ಎಷ್ಟು ಬಿಸಿಗೆ ಕರಗುತ್ತದೆ? ಒಂದೊಂದಕ್ಕೆ ಒಂದೊಂದು ಮಟ್ಟ. ಆ ಮಟ್ಟಕ್ಕೆ ಶಾಲೆಯ ಪುಸ್ತಕದಲ್ಲಿ 'ಕರಗುವ ಬಿಂದು' ಎನ್ನುತ್ತಾರೆ. 'ದ್ರವನ ಬಿಂದು' ಎಂದೂ ಬರೆಯುತ್ತಾರೆ. ಹೆಸರು ದೊಡ್ಡದು, ವಿಷಯ ಸುಲಭ.

ಬಿಸಿಗೂ ಅಳತೆ ಉಂಟು

ಅಕ್ಕಿಯನ್ನು ಸೇರಿನಲ್ಲೋ ಕಿಲೋದಲ್ಲೋ ಅಳೆಯುತ್ತೇವೆ. ಬಟ್ಟೆಯನ್ನು ಮೀಟರಿನಲ್ಲಿ ಅಳೆಯುತ್ತೇವೆ. ಬಿಸಿಯನ್ನು ಡಿಗ್ರಿಯಲ್ಲಿ ಅಳೆಯುತ್ತೇವೆ. ನಾವು ಬಳಸುವ ಈ ಅಳತೆಗೆ ಸೆಲ್ಸಿಯಸ್ ಎಂದು ಹೆಸರು. ಸ್ವೀಡನ್ ದೇಶದ ಆಂಡರ್ಸ್ ಸೆಲ್ಸಿಯಸ್ ಎಂಬ ವಿಜ್ಞಾನಿ 1742ರಲ್ಲಿ ಇದನ್ನು ತಂದರು. ತಮಾಷೆ ಏನೆಂದರೆ, ಅವರ ಮೊದಲ ಅಳತೆ ಉಲ್ಟಾ ಇತ್ತು. ಕುದಿಯುವ ನೀರಿಗೆ 0, ಮಂಜುಗಡ್ಡೆಗೆ 100 ಎಂದು ಇಟ್ಟಿದ್ದರು. ಆಮೇಲೆ ಅದನ್ನು ತಿರುಗಿಸಿದರು. ಈಗ ಮಂಜುಗಡ್ಡೆ ಕರಗುವ ಮಟ್ಟ 0 ಡಿಗ್ರಿ. ನೀರು ಕುದಿಯುವ ಮಟ್ಟ 100 ಡಿಗ್ರಿ.

ಒಂದು ಸಣ್ಣ ಮಾತು. ನೀರು ಸರಿಯಾಗಿ 100 ಡಿಗ್ರಿಗೆ ಕುದಿಯುವುದು ಸಮುದ್ರದ ಮಟ್ಟದಲ್ಲಿ. ಮಂಗಳೂರಿನಲ್ಲಿ ಹಾಗೆ. ಬೇಲೂರು ಸಾವಿರ ಮೀಟರಿಗೆ ಹತ್ತಿರದ ಎತ್ತರದಲ್ಲಿದೆ. ಅಲ್ಲಿ ಸುಮಾರು 97 ಡಿಗ್ರಿಗೇ ನೀರು ಕುದಿಯುತ್ತದೆ. ಕುದಿಯುವ ಮಟ್ಟ ಊರಿನ ಎತ್ತರದ ಮೇಲೆ ಬದಲಾಗುತ್ತದೆ. ಕರಗುವ ಮಟ್ಟ ಹಾಗೆ ಬದಲಾಗುವುದಿಲ್ಲ ಎಂದೇ ಹೇಳಬಹುದು.

ನಮ್ಮ ಮೈಯ ಬಿಸಿ ಸುಮಾರು 37 ಡಿಗ್ರಿ. ಈ ಒಂದು ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ. ಮುಂದೆ ಬಹಳ ಕೆಲಸಕ್ಕೆ ಬರುತ್ತದೆ.

ಅಡುಗೆಮನೆಯ ಏಣಿ

ಒಂದು ಏಣಿ ಇದೆ ಅಂದುಕೊಳ್ಳಿ. ಬಿಸಿ ಹೆಚ್ಚಿದ ಹಾಗೆ ನಾವು ಒಂದೊಂದೇ ಮೆಟ್ಟಿಲು ಮೇಲೆ ಹತ್ತುತ್ತೇವೆ. ಒಂದೊಂದು ಮೆಟ್ಟಿಲಿನಲ್ಲಿ ಒಂದೊಂದು ವಸ್ತು ಕರಗುತ್ತದೆ. ಕೆಳಗಿನಿಂದ ಓದಿಕೊಂಡು ಹೋಗೋಣ.

ಮಂಜುಗಡ್ಡೆ: 0 ಡಿಗ್ರಿ.
ಕೊಬ್ಬರಿ ಎಣ್ಣೆ: ಸುಮಾರು 24–25 ಡಿಗ್ರಿ.
ಬೆಣ್ಣೆ: ಸುಮಾರು 32–35 ಡಿಗ್ರಿ.
ಚಾಕೊಲೇಟ್: ಸುಮಾರು 34 ಡಿಗ್ರಿ.
ಮೇಣದ ಬತ್ತಿ: ಸುಮಾರು 50–65 ಡಿಗ್ರಿ.
ಸಕ್ಕರೆ: ಸುಮಾರು 185 ಡಿಗ್ರಿ.
ಉಪ್ಪು: 801 ಡಿಗ್ರಿ.

ಈಗ ಎಣ್ಣೆಯ ಪ್ರಶ್ನೆಗೆ ಉತ್ತರ ಸಿಕ್ಕಿತಲ್ಲವೇ? ಕೊಬ್ಬರಿ ಎಣ್ಣೆಯ ಮೆಟ್ಟಿಲು 24–25 ಡಿಗ್ರಿ. ನಮ್ಮ ಸೀಮೆಯಲ್ಲಿ ಚಳಿಗಾಲದ ಬೆಳಗಿನ ಬಿಸಿ 15 ಡಿಗ್ರಿಯ ಹತ್ತಿರಕ್ಕೆ ಇಳಿಯುತ್ತದೆ. ಅದು ಎಣ್ಣೆಯ ಮೆಟ್ಟಿಲಿಗಿಂತ ಕೆಳಗೆ. ಆದ್ದರಿಂದ ಎಣ್ಣೆ ಗಟ್ಟಿಯಾಯಿತು. ಮಧ್ಯಾಹ್ನ ಬಿಸಿಲು ಏರಿದರೆ ಮತ್ತೆ ನೀರಾಗುತ್ತದೆ. ಮಂಗಳೂರಿನ ಕಡೆ ಸೆಕೆ ಜಾಸ್ತಿ. ಅಲ್ಲಿ ಎಣ್ಣೆ ವರ್ಷದ ಬಹುಪಾಲು ನೀರಾಗಿಯೇ ಇರುತ್ತದೆ. ಅಲ್ಲಿಂದ ಕೊಂಡ ಎಣ್ಣೆಯನ್ನು ಘಾಟಿ ಹತ್ತಿಸಿ ಬೇಲೂರಿಗೆ ತಂದರೆ ಚಳಿಯಲ್ಲಿ ಗಟ್ಟಿಯಾಗುತ್ತದೆ. ಎಣ್ಣೆ ಕೆಟ್ಟಿಲ್ಲ. ಊರು ಬದಲಾಯಿತು, ಅಷ್ಟೇ.

ಅದೇ ಚಳಿಯಲ್ಲಿ ಕಡಲೆಕಾಯಿ ಎಣ್ಣೆ ಯಾಕೆ ಗಟ್ಟಿಯಾಗುವುದಿಲ್ಲ? ಸೌದೆ ಒಟ್ಟುವುದನ್ನು ನೆನೆಯಿರಿ. ನೇರವಾದ ಸೌದೆಗಳು ಒತ್ತಾಗಿ ಕೂರುತ್ತವೆ. ಸೊಟ್ಟ ಕೊಂಬೆಗಳು ಸರಿಯಾಗಿ ಕೂರುವುದಿಲ್ಲ, ನಡುವೆ ಸಂದು ಬಿಡುತ್ತವೆ. ಕೊಬ್ಬರಿ ಎಣ್ಣೆಯ ಕಣಗಳಲ್ಲಿ ನೇರವಾದವೇ ಹೆಚ್ಚು. ಅವು ಬೇಗ ಒತ್ತಾಗಿ ಕೂತು ಗಟ್ಟಿಯಾಗುತ್ತವೆ. ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆಗಳಲ್ಲಿ ಸೊಟ್ಟ ಕಣಗಳೇ ಹೆಚ್ಚು. ಅವು ಗಟ್ಟಿಯಾಗಬೇಕಾದರೆ ಇನ್ನೂ ಬಹಳ ಚಳಿ ಬೇಕು.

ಮಕ್ಕಳ ಜೊತೆ ಮಾಡಿ ನೋಡಿ

ಚಳಿಗಾಲದ ಒಂದು ರಜಾ ದಿನ ಬೆಳಗ್ಗೆ ಇದನ್ನು ಮಾಡಿ. ದುಡ್ಡು ಖರ್ಚಿಲ್ಲ.

ನಾಲ್ಕು ಸಣ್ಣ ಸ್ಟೀಲ್ ಲೋಟ ತೆಗೆದುಕೊಳ್ಳಿ. ಒಂದರಲ್ಲಿ ಒಂದು ಚಮಚ ಗಟ್ಟಿ ಕೊಬ್ಬರಿ ಎಣ್ಣೆ ಹಾಕಿ. ಎರಡನೆಯದರಲ್ಲಿ ಒಂದು ಚಮಚ ತುಪ್ಪ. ಮೂರನೆಯದರಲ್ಲಿ ಮೇಣದ ಬತ್ತಿಯ ಸಣ್ಣ ಚೂರು. ನಾಲ್ಕನೆಯದರಲ್ಲಿ ಒಂದು ಚಮಚ ಸಕ್ಕರೆ. ಲೋಟಗಳು ಒಣಗಿರಬೇಕು.

ಮೊದಲು ಮಗುವನ್ನು ಕೇಳಿ: "ಯಾವುದು ಮೊದಲು ಕರಗುತ್ತೆ? ಯಾವುದು ಕೊನೆಗೆ?" ಅದು ಹೇಳಿದ್ದನ್ನು ಸ್ಲೇಟಿನ ಮೇಲೆ ಬರೆಯಲಿ. ನೀವೂ ನಿಮ್ಮ ಉತ್ತರ ಬರೆಯಿರಿ.

1. ಅಂಗೈ ಪರೀಕ್ಷೆ. ಒಂದು ಚೂರು ಕೊಬ್ಬರಿ ಎಣ್ಣೆಯನ್ನು ಅಂಗೈ ಮೇಲೆ ಇಡಿ. ನೋಡುತ್ತಿದ್ದ ಹಾಗೇ ಕರಗುತ್ತದೆ. ತುಪ್ಪ ನಿಧಾನವಾಗಿ ಮೆತ್ತಗಾಗುತ್ತದೆ. ಮೇಣ ಹಾಗೇ ಇರುತ್ತದೆ. ಅಂಗೈಯ ಬಿಸಿ ಮೇಣಕ್ಕೆ ಸಾಲದು.

2. ಉಗುರು ಬೆಚ್ಚಗಿನ ನೀರು. ಅಗಲವಾದ ಪಾತ್ರೆಯಲ್ಲಿ ಮಗುವಿಗೆ ಸ್ನಾನ ಮಾಡಿಸುವಷ್ಟು ಬೆಚ್ಚಗಿನ ನೀರು ಹಾಕಿ. ನಾಲ್ಕೂ ಲೋಟಗಳನ್ನು ಅದರಲ್ಲಿ ನಿಲ್ಲಿಸಿ. ನೀರು ಲೋಟದ ಒಳಗೆ ಹೋಗಬಾರದು. ಎಣ್ಣೆ ಕರಗಿತು. ಸ್ವಲ್ಪ ಹೊತ್ತಿಗೆ ತುಪ್ಪವೂ ಕರಗಿತು. ಮೇಣ, ಸಕ್ಕರೆ ಹಾಗೇ ಇವೆ.

3. ಕುದಿದ ನೀರು. ಇದನ್ನು ದೊಡ್ಡವರೇ ಮಾಡಬೇಕು. ಪಾತ್ರೆಯ ನೀರು ಚೆಲ್ಲಿ, ಆಗ ತಾನೇ ಕುದಿದ ನೀರು ಹಾಕಿ. ಈಗ ಮೇಣವೂ ಕರಗುತ್ತದೆ. ಸಕ್ಕರೆ ಮಾತ್ರ ಕಾಳುಕಾಳಾಗಿಯೇ ಇದೆ. ಕುದಿಯುವ ನೀರಿನ ಬಿಸಿ ಅದಕ್ಕೆ ಸಾಲದು.

4. ತಣಿಯಲು ಬಿಡಿ. ಈಗ ಯಾವುದು ಮೊದಲು ಗಟ್ಟಿಯಾಗುತ್ತದೆ? ಮೇಣ. ಆಮೇಲೆ ತುಪ್ಪ. ಕೊನೆಗೆ ಕೊಬ್ಬರಿ ಎಣ್ಣೆ. ಏಣಿ ಹತ್ತುವಾಗ ಕೊನೆಗೆ ಕರಗಿದ್ದು ಇಳಿಯುವಾಗ ಮೊದಲು ಗಟ್ಟಿಯಾಯಿತು. ಮಕ್ಕಳೇ ಇದನ್ನು ಕಂಡುಕೊಳ್ಳಲಿ. ನಾವು ಮೊದಲೇ ಹೇಳುವುದು ಬೇಡ.

ಎಚ್ಚರಿಕೆ: ಮೇಣವನ್ನು ಬೆಂಕಿಯ ಮೇಲೆ ನೇರವಾಗಿ ಇಡಬೇಡಿ. ಜ್ವರ ನೋಡುವ ಥರ್ಮಾಮೀಟರನ್ನು ಬಿಸಿನೀರಿಗೆ ಹಾಕಬೇಡಿ. ಅದು 42 ಡಿಗ್ರಿಯವರೆಗೆ ಅಳೆಯಲು ಮಾಡಿದ್ದು. ಜಾಸ್ತಿ ಬಿಸಿಯಾದರೆ ಒಡೆದು ಹೋಗುತ್ತದೆ. ಅದರಲ್ಲಿ ಪಾದರಸ ಇದ್ದರೆ ಅದು ವಿಷ, ಕೈಯಲ್ಲಿ ಮುಟ್ಟಬಾರದು.

ಒಂದೇ ಮಾತು, ಎರಡು ಕೆಲಸ

ಈಗ ನಾಲ್ಕನೆಯ ಲೋಟಕ್ಕೆ ಬನ್ನಿ. ಸಕ್ಕರೆ ಹಾಗೇ ಇದೆ. ಅದಕ್ಕೆ ಎರಡು ಚಮಚ ನೀರು ಹಾಕಿ ಕಲಕಿ. ಸಕ್ಕರೆ ಕಾಣೆಯಾಯಿತು!

ಮಗು ಕೇಳುತ್ತದೆ: "ಅವ್ವಾ, ಕುದಿಯೋ ನೀರಿನ ಬಿಸಿಗೂ ಕರಗಲಿಲ್ಲ ಅಂದೆ. ಈಗ ಎರಡು ಚಮಚ ನೀರಿಗೇ ಕರಗೋಯ್ತಲ್ಲ?"

ಇಲ್ಲಿ ಕನ್ನಡದ ಒಂದು ತೊಡಕು ಇದೆ. ಬೆಣ್ಣೆ ಕರಗಿತು ಎನ್ನುತ್ತೇವೆ. ಕಾಫಿಯಲ್ಲಿ ಸಕ್ಕರೆ ಕರಗಿತು ಎಂದೂ ಎನ್ನುತ್ತೇವೆ. ಮಾತು ಒಂದೇ, ಕೆಲಸ ಎರಡು.

ಬೆಣ್ಣೆ ಕರಗಲು ಬಿಸಿ ಒಂದೇ ಸಾಕು. ಬೇರೆ ಏನೂ ಸೇರಿಸಬೇಕಾಗಿಲ್ಲ. ಸಕ್ಕರೆ ಕಾಫಿಯಲ್ಲಿ ಕರಗಲು ನೀರು ಬೇಕು. ಸಕ್ಕರೆಯ ಕಣಗಳನ್ನು ನೀರಿನ ಕಣಗಳು ಒಂದೊಂದಾಗಿ ಬಿಡಿಸಿಕೊಂಡು ಹೋಗುತ್ತವೆ. ಇದಕ್ಕೆ ಶಾಲೆಯಲ್ಲಿ 'ವಿಲೀನವಾಗುವುದು' ಎನ್ನುತ್ತಾರೆ. ಉಪ್ಪು ನೋಡಿ. ನೀರಿಗೆ ಹಾಕಿದರೆ ಕ್ಷಣದಲ್ಲಿ ವಿಲೀನವಾಗುತ್ತದೆ. ಒಣ ಬಾಣಲೆಯಲ್ಲಿ ಹುರಿದರೆ ಬಿಸಿಯಾಗುತ್ತದೆ, ಚಟಪಟ ಅನ್ನುತ್ತದೆ, ಕರಗುವುದಿಲ್ಲ. ಉಪ್ಪಿನ ಮೆಟ್ಟಿಲು 801 ಡಿಗ್ರಿ. ಅಡುಗೆಗೆ ಉಪ್ಪು ಹುರಿಯುವ ಬಿಸಿ ಅಲ್ಲಿಗೆ ಹೋಗುವುದಿಲ್ಲ.

ಪರೀಕ್ಷೆಯಲ್ಲಿ ಮಕ್ಕಳು ಇಲ್ಲೇ ತಪ್ಪುತ್ತಾರೆ. ಮನೆಯಲ್ಲಿ ಒಂದು ಸಲ ಕಣ್ಣಿಂದ ನೋಡಿದ ಮಗು ತಪ್ಪುವುದಿಲ್ಲ.

ಬಿಸಿ ಮಾಡಿದರೆ ಎಲ್ಲವೂ ಕರಗುತ್ತದೆ ಎಂದೂ ಇಲ್ಲ. ಕೋಳಿಮೊಟ್ಟೆ ಬೇಯಿಸಿದರೆ ಗಟ್ಟಿಯಾಗುತ್ತದೆ. ರಾಗಿ ಹಿಟ್ಟು ಬೆಂದು ಮುದ್ದೆಯಾಗುತ್ತದೆ. ಸೌದೆ ಸುಟ್ಟು ಬೂದಿಯಾಗುತ್ತದೆ. ಇವು ತಣ್ಣಗಾದರೂ ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ. ಕರಗಿದ ತುಪ್ಪ ಮಾತ್ರ ತಣಿದರೆ ಮತ್ತೆ ಗಟ್ಟಿ ತುಪ್ಪವೇ.

ತುಪ್ಪ ಯಾಕೆ ಮರಳು ಮರಳು?

ಬೆಣ್ಣೆಯನ್ನು ಒಲೆಯ ಮೇಲೆ ಇಡುತ್ತೀರಿ. ಮೊದಲು ಕರಗುತ್ತದೆ. ಆಮೇಲೆ ಚಟಪಟ ಸದ್ದು, ಮೇಲೆ ನೊರೆ. ಬೆಣ್ಣೆಯಲ್ಲಿ ನೀರಿನ ಅಂಶ ಇರುತ್ತದೆ. ಆ ನೀರು ಕುದಿದು ಆವಿಯಾಗುವ ಸದ್ದು ಅದು. ನೀರು ಮುಗಿದರೆ ಸದ್ದು ನಿಲ್ಲುತ್ತದೆ. ನೀರು ಇರುವವರೆಗೆ ಬಿಸಿ 100ರ ಆಚೀಚೆ ನಿಂತಿರುತ್ತದೆ. ನೀರು ಮುಗಿದ ಮೇಲೆ ಬಿಸಿ ಸರಸರ ಏರುತ್ತದೆ. ಆಗ ಇಳಿಸದಿದ್ದರೆ ತುಪ್ಪ ಸೀದು ಹೋಗುತ್ತದೆ. ಸದ್ದು ಕೇಳಿ ಒಲೆ ಆರಿಸುವ ಅಜ್ಜಿಗೆ ಈ ಲೆಕ್ಕ ಕಿವಿಯಲ್ಲೇ ಇದೆ.

ಮಂಜುಗಡ್ಡೆ ಒಂದೇ ಬಗೆಯ ಕಣಗಳಿಂದ ಆಗಿದೆ. ಆದ್ದರಿಂದ ಸರಿಯಾಗಿ 0 ಡಿಗ್ರಿಗೆ ಕರಗುತ್ತದೆ. ತುಪ್ಪ ಹಾಗಲ್ಲ. ಅದರಲ್ಲಿ ಹಲವು ಬಗೆಯ ಕೊಬ್ಬು ಬೆರೆತಿದೆ. ಕೆಲವು ಬೇಗ ಕರಗುತ್ತವೆ, ಕೆಲವು ತಡವಾಗಿ. ಅದಕ್ಕೇ ತುಪ್ಪ ಒಮ್ಮೆಲೇ ಕರಗದೆ ಮೊದಲು ಮೆತ್ತಗಾಗುತ್ತದೆ. ತಣಿಯುವಾಗಲೂ ಹಾಗೇ. ತಡವಾಗಿ ಕರಗುವ ಕೊಬ್ಬು ಮೊದಲು ಗಟ್ಟಿಯಾಗಿ ಹರಳಾಗುತ್ತದೆ. ನಿಧಾನವಾಗಿ ತಣಿದರೆ ಹರಳು ದಪ್ಪ. ಬೇಗ ತಣಿದರೆ ಹರಳು ಸಣ್ಣ. ಮರಳು ಮರಳಾದ ತುಪ್ಪ ಬೇಕೆಂದರೆ ನಿಧಾನವಾಗಿ ತಣಿಯಲು ಬಿಡಿ.

ಪಾಕ ನೋಡುವ ಬೆರಳು

ಕಡಲೆಕಾಯಿ ಮಿಠಾಯಿ, ಕೊಬ್ಬರಿ ಮಿಠಾಯಿ ಮಾಡುವಾಗ ಪಾಕ ತೆಗೆಯುತ್ತೀರಿ. ಬೆಲ್ಲಕ್ಕೆ ಅಥವಾ ಸಕ್ಕರೆಗೆ ನೀರು ಹಾಕಿ ಕುದಿಸುತ್ತೀರಿ. ನೀರು ಕಡಿಮೆಯಾದಂತೆ ಪಾಕದ ಬಿಸಿ 100 ಡಿಗ್ರಿ ದಾಟಿ ಮೇಲೆ ಏರುತ್ತದೆ.

ಸಕ್ಕರೆಯ ಎಳೆ ಪಾಕ ಬರುವಾಗ ಬಿಸಿ ಸುಮಾರು 105 ಡಿಗ್ರಿ. ನೀರಿಗೆ ಬಿಟ್ಟರೆ ಮೆತ್ತನೆಯ ಉಂಡೆಯಾಗುವ ಪಾಕ ಸುಮಾರು 115 ಡಿಗ್ರಿ. ನೀರಿಗೆ ಬಿಟ್ಟರೆ ಗಟ್ಟಿಯಾಗಿ, ಮುರಿದರೆ ಟಕ್ ಎನ್ನುವ ಪಾಕ ಸುಮಾರು 150 ಡಿಗ್ರಿ. ಆಲೆಮನೆಯಲ್ಲಿ ಕಬ್ಬಿನ ಹಾಲು ಕಾಯಿಸುವವರು ಇದೇ ಲೆಕ್ಕದಲ್ಲಿ ಕೊಪ್ಪರಿಗೆ ಇಳಿಸುತ್ತಾರೆ. ಅವರ ಹತ್ತಿರ ಥರ್ಮಾಮೀಟರ್ ಇಲ್ಲ. ಬೆರಳು, ಕಣ್ಣು, ಒಂದು ಬಟ್ಟಲು ನೀರು ಇವೇ ಸಾಧನ.

ಒಣ ಬಾಣಲೆಯಲ್ಲಿ ನೀರಿಲ್ಲದೆ ಸಕ್ಕರೆ ಹಾಕಿದರೆ ಬಿಸಿ 185ರ ಹತ್ತಿರ ಬಂದಾಗ ಅದು ಕರಗುತ್ತದೆ. ಜೊತೆಗೇ ಕಂದು ಬಣ್ಣಕ್ಕೆ ತಿರುಗಿ ಸುಡುವುದಕ್ಕೂ ಶುರುವಾಗುತ್ತದೆ. ಸುಟ್ಟ ಸಕ್ಕರೆ ಮತ್ತೆ ಬಿಳಿ ಸಕ್ಕರೆ ಆಗುವುದಿಲ್ಲ.

ಪಾಕ ಮೈಮೇಲೆ ಬಿದ್ದರೆ ಕುದಿಯುವ ನೀರಿಗಿಂತ ಹೆಚ್ಚು ಸುಡುತ್ತದೆ. ಅದರ ಬಿಸಿಯೂ ಹೆಚ್ಚು. ಅದು ಚರ್ಮಕ್ಕೆ ಅಂಟಿಕೊಳ್ಳುತ್ತದೆ ಕೂಡ. ಪಾಕದ ಹತ್ತಿರ ಮಕ್ಕಳನ್ನು ಬಿಡಬೇಡಿ. ಸುಟ್ಟರೆ ತಕ್ಷಣ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ತುಪ್ಪ, ಶಾಯಿ, ಹಲ್ಲುಜ್ಜುವ ಪೇಸ್ಟ್ ಹಚ್ಚಬೇಡಿ. ಆಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಪಾತ್ರೆಯ ಕಲಾಯಿ

ಹಿತ್ತಾಳೆ, ತಾಮ್ರದ ಪಾತ್ರೆಗಳಿಗೆ ಒಳಗೆ ಕಲಾಯಿ ಹಾಕಿಸುತ್ತಿದ್ದೆವು. ಕಲಾಯಿ ಎಂದರೆ ತವರದ ತೆಳು ಲೇಪ. ಕಲಾಯಿಯವರು ಪಾತ್ರೆಯನ್ನು ಕಾಯಿಸಿ, ತವರದ ಕಡ್ಡಿ ತಾಗಿಸಿ, ಬಟ್ಟೆಯಿಂದ ಉಜ್ಜುತ್ತಾರೆ. ತವರ 232 ಡಿಗ್ರಿಗೆ ಕರಗುತ್ತದೆ. ತಾಮ್ರ ಕರಗಲು 1085 ಡಿಗ್ರಿ ಬೇಕು. ಅದಕ್ಕೇ ತವರ ಕರಗಿ ಹರಡುತ್ತದೆ, ಪಾತ್ರೆ ಮಾತ್ರ ಹಾಗೇ ಇರುತ್ತದೆ.

ಕಲಾಯಿ ಪಾತ್ರೆಯಲ್ಲಿ ಸಾರು ಕುದಿಸಿದರೆ ಲೇಪ ಕರಗುವುದಿಲ್ಲ. ಸಾರಿನ ಬಿಸಿ ನೂರರ ಹತ್ತಿರವೇ ನಿಂತಿರುತ್ತದೆ. ಅದೇ ಪಾತ್ರೆಯನ್ನು ಬರಿದಾಗಿ ಉರಿಯ ಮೇಲೆ ಬಿಟ್ಟರೆ? ಬಿಸಿ 232 ದಾಟುತ್ತದೆ. ಕಲಾಯಿ ಕರಗಿ ಕಿತ್ತು ಹೋಗುತ್ತದೆ. "ಬರಿ ಪಾತ್ರೆ ಒಲೆ ಮೇಲೆ ಇಡಬೇಡ" ಎಂದು ಹಿರಿಯರು ಬೈಯುತ್ತಿದ್ದದ್ದು ಸುಮ್ಮನೆ ಅಲ್ಲ.

ಬೇಲೂರಿನ ಕಲ್ಲು ಕರಗಿಸಿದ್ದೇ?

ಬೇಲೂರು, ಹಳೇಬೀಡಿಗೆ ಮಕ್ಕಳನ್ನು ಪ್ರವಾಸ ಕರೆದುಕೊಂಡು ಹೋದಾಗ ನಾವು ಒಂದು ಪ್ರಶ್ನೆ ಕೇಳುತ್ತಲೇ ಇರುತ್ತೇವೆ. "ಮೇಷ್ಟ್ರೇ, ಇಷ್ಟು ಸಣ್ಣ ಕೆತ್ತನೆ ಹೆಂಗೆ ಮಾಡಿದ್ರು? ಕಲ್ಲನ್ನ ಕರಗಿಸಿ ಅಚ್ಚಿಗೆ ಹೊಯ್ದಿದ್ರಾ?" ದೊಡ್ಡವರೂ "ಬೆಣ್ಣೆಯಲ್ಲಿ ಮಾಡಿದ ಹಾಗಿದೆ" ಎನ್ನುತ್ತಾರೆ.

ಇಲ್ಲ. ಬೇಲೂರಿನ ಚೆನ್ನಕೇಶವ ದೇವಾಲಯವನ್ನು ಹೊಯ್ಸಳ ದೊರೆ ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ. ಅಲ್ಲಿಯ ಶಿಲ್ಪಿಗಳು ಉಳಿ, ಸುತ್ತಿಗೆ ಹಿಡಿದು ಕೆತ್ತಿದರು. ಕಲ್ಲು ಕರಗಬೇಕಾದರೆ ಸಾವಿರ ಡಿಗ್ರಿಯ ಆಸುಪಾಸಿನ ಬಿಸಿ ಬೇಕು. ಭೂಮಿಯ ಒಳಗಿಂದ ಉಕ್ಕುವ ಜ್ವಾಲಾಮುಖಿಯಲ್ಲಿ ಅಂಥ ಬಿಸಿ ಇರುತ್ತದೆ.

ಹಾಗಾದರೆ ಆ ಕಲ್ಲು ಅಷ್ಟು ಮೆತ್ತಗೆ ಯಾಕೆ? ಅದು ಬಳಪದ ಕಲ್ಲು. ನಾವು ಸ್ಲೇಟಿನ ಮೇಲೆ ಅ, ಆ ತಿದ್ದುವ ಬಳಪದ ಜಾತಿಯದು. ಆ ಕಲ್ಲಿನಲ್ಲಿ ತೆಳು ತೆಳು ಪದರಗಳಿವೆ. ಅವು ಒಂದರ ಮೇಲೊಂದು ಜಾರುತ್ತವೆ. ಆದ್ದರಿಂದ ಉಳಿಗೆ ಸುಲಭವಾಗಿ ಬಗ್ಗುತ್ತದೆ. ಬೆಣ್ಣೆ ಮೆತ್ತಗಿರುವುದು ಅದು ಕರಗುವ ಮಟ್ಟಕ್ಕೆ ಹತ್ತಿರ ಇರುವುದರಿಂದ. ಬಳಪದ ಕಲ್ಲು ಮೆತ್ತಗಿರುವುದು ಅದರ ಪದರಗಳಿಂದ. ಮೆತ್ತಗಿರುವುದು ಬೇರೆ, ಕರಗುವುದು ಬೇರೆ.

ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಕಲ್ಲು ಕರಗಿಸಿ ಹೊಯ್ದಿದ್ದರೆ ಒಂದೇ ಅಚ್ಚಿನ ಬೊಂಬೆ ನೂರು ಬರುತ್ತಿತ್ತು. ಇಲ್ಲಿ ಒಂದರ ಹಾಗೆ ಇನ್ನೊಂದು ಇಲ್ಲ. ಅದು ಕೈಯ ಕೆಲಸ ಎನ್ನುವುದಕ್ಕೆ ಅದೇ ಸಾಕ್ಷಿ.

ಜನ ಹೇಳುವ ಮೂರು ಮಾತು

ಈಗ ಕಲಿತದ್ದನ್ನು ಬಳಸಿ ಮೂರು ಮಾತುಗಳನ್ನು ಒರೆಗೆ ಹಚ್ಚೋಣ.

ಮೊದಲನೆಯದು: "ಗಟ್ಟಿಯಾದ ಎಣ್ಣೆ ಕೆಟ್ಟ ಎಣ್ಣೆ." ಇದು ಸುಳ್ಳು. ಚಳಿಗೆ ಗಟ್ಟಿಯಾಗುವುದು ಕೊಬ್ಬರಿ ಎಣ್ಣೆಯ ಗುಣ. ಎಣ್ಣೆ ಕೆಟ್ಟಿದೆಯೋ ಎಂದು ಮೂಗಿನಿಂದ ನೋಡಿ. ಕಮಟು ವಾಸನೆ ಬಂದರೆ ಕೆಟ್ಟಿದೆ. ಇಲ್ಲದಿದ್ದರೆ ಬಾಟಲಿಯನ್ನು ಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಇಡಿ. ಕರಗುತ್ತದೆ. ಎಷ್ಟು ಸಲ ಗಟ್ಟಿಯಾಗಿ ಕರಗಿದರೂ ಅದರಿಂದ ಎಣ್ಣೆ ಕೆಡುವುದಿಲ್ಲ. ಬಾಟಲಿಯನ್ನು ಒಲೆಯ ಮೇಲೆ ಮಾತ್ರ ಇಡಬೇಡಿ. ಪ್ಲಾಸ್ಟಿಕ್ಕೂ ಕರಗುವ ವಸ್ತುವೇ. ಅದು ಕರಗಿ ಎಣ್ಣೆ ಉರಿಗೆ ಬಿದ್ದರೆ ಮನೆಗೇ ಬೆಂಕಿ. ಹಾಗೆ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಸುರಿಯಬೇಡಿ.

ಎರಡನೆಯದು: "ಗಟ್ಟಿಯಾದರೆ ಅದು ಶುದ್ಧ ಎಣ್ಣೆ." ಇದೂ ಪೂರ್ತಿ ನಿಜವಲ್ಲ. ತಾಳೆ ಎಣ್ಣೆಯೂ ಚಳಿಗೆ ಗಟ್ಟಿಯಾಗುತ್ತದೆ. ಅದಕ್ಕೆ ಒಂದು ಮನೆ ಪರೀಕ್ಷೆ ಇದೆ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವೇ ಇದನ್ನು ಜನರಿಗೆ ಹೇಳಿಕೊಟ್ಟಿದೆ. ಗಾಜಿನ ಲೋಟದಲ್ಲಿ ಕೊಬ್ಬರಿ ಎಣ್ಣೆ ಹಾಕಿ ಫ್ರಿಜ್ಜಿನಲ್ಲಿ ಅರ್ಧ ಗಂಟೆ ಇಡಿ. ಮೇಲಿನ ಮಂಜಿನ ಖಾನೆಯಲ್ಲಿ ಇಡಬಾರದು. ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದೆ. ಬೇರೆ ಎಣ್ಣೆ ಬೆರೆತಿದ್ದರೆ ಅದು ಬೇರೆ ಪದರವಾಗಿ ನಿಲ್ಲುತ್ತದೆ. ಎರಡು ಎಣ್ಣೆಗೆ ಎರಡು ಮೆಟ್ಟಿಲು. ಆದ್ದರಿಂದಲೇ ಮೋಸ ಬಯಲಾಗುತ್ತದೆ. ಪದರ ಕಂಡರೆ ಮೊದಲು ಆ ಎಣ್ಣೆ ಬಳಸುವುದು ನಿಲ್ಲಿಸಿ. ಆಮೇಲೆ ಆಹಾರ ಸುರಕ್ಷತಾ ಅಧಿಕಾರಿಗಳಿಗೆ ತಿಳಿಸಿ. ಪ್ರಯೋಗಾಲಯದ ಪರೀಕ್ಷೆಯೇ ಕೊನೆಯ ಮಾತು. ಪರೀಕ್ಷೆ ಆಗುವ ಮೊದಲು ಯಾರ ಮೇಲೂ ತಪ್ಪು ಹೊರಿಸಬೇಡಿ.

ಮೂರನೆಯದು: "ಊಟ ಆದ ಮೇಲೆ ತಣ್ಣೀರು ಕುಡಿದರೆ ಎಣ್ಣೆ ಹೊಟ್ಟೆಯಲ್ಲಿ ಗಟ್ಟಿಯಾಗಿ ಕೂರುತ್ತೆ." ನೆನಪಿಟ್ಟುಕೊಂಡ ಸಂಖ್ಯೆ ಈಗ ತೆಗೆಯಿರಿ. ಮೈಯ ಬಿಸಿ 37 ಡಿಗ್ರಿ. ಕೊಬ್ಬರಿ ಎಣ್ಣೆ ಕರಗುವುದು 25ಕ್ಕೆ, ಬೆಣ್ಣೆ 35ರೊಳಗೆ. ಕುಡಿದ ನೀರು ಸ್ವಲ್ಪ ಹೊತ್ತಿನಲ್ಲೇ ಮೈಯಷ್ಟೇ ಬಿಸಿಯಾಗುತ್ತದೆ. ಹೊಟ್ಟೆಯಲ್ಲಿ ಎಣ್ಣೆ ಗಟ್ಟಿಯಾಗಿ ಕೂರುವುದಿಲ್ಲ. ಚಾಕೊಲೇಟ್ ಕೈಯಲ್ಲಿ ಸ್ವಲ್ಪ ಹೊತ್ತು ಗಟ್ಟಿ, ಬಾಯಲ್ಲಿ ನೀರು. ಅದೂ ಇದೇ 37ರ ಆಟ.

ವನಸ್ಪತಿಯ ಮಾತು ಬೇರೆ. ನೀರಾದ ಎಣ್ಣೆಗೆ ಹೈಡ್ರೋಜನ್ ಅನಿಲ ಹಾಯಿಸಿ ಗಟ್ಟಿ ಮಾಡಿ ವನಸ್ಪತಿ ತಯಾರಿಸುತ್ತಾರೆ. ಹಾಗೆ ಮಾಡುವಾಗ ಟ್ರಾನ್ಸ್ ಕೊಬ್ಬು ಎಂಬುದು ಹುಟ್ಟುತ್ತದೆ. ಅದು ಹೃದಯಕ್ಕೆ ಕೆಟ್ಟದ್ದು. ಎಣ್ಣೆ, ಕೊಬ್ಬುಗಳಲ್ಲಿ ಅದು ನೂರಕ್ಕೆ 2 ಪಾಲಿಗಿಂತ ಹೆಚ್ಚು ಇರಬಾರದು ಎಂದು 2022ರಿಂದ ನಮ್ಮ ದೇಶದಲ್ಲಿ ನಿಯಮ ಇದೆ. ಪೊಟ್ಟಣದ ಮೇಲೆ ಬರೆದಿರುತ್ತದೆ. ಈಗ ನಿಮಗೆ ಓದಲು ಬರುತ್ತದೆ. ಓದಿ ನೋಡಿ ಕೊಳ್ಳಿ.

ನಮಗೆ ಏನೂ ಗೊತ್ತಿಲ್ಲ ಎನ್ನಬೇಡಿ

ತುಪ್ಪದ ಸದ್ದು ಕೇಳುವುದು ನಿಮಗೆ ಗೊತ್ತು. ಪಾಕದ ಎಳೆ ನೋಡುವುದು ಗೊತ್ತು. ಬರಿ ಪಾತ್ರೆ ಒಲೆ ಮೇಲೆ ಇಡಬಾರದು ಎಂದೂ ಗೊತ್ತು. ಇದೆಲ್ಲ ವಿಜ್ಞಾನವೇ. ಪುಸ್ತಕದಲ್ಲಿ ಅದಕ್ಕೆ ಹೆಸರು ಇದೆ, ಸಂಖ್ಯೆ ಇದೆ. ನಿಮ್ಮ ಕೈಯಲ್ಲಿ ಕೆಲಸ ಇದೆ. ಎರಡೂ ಸೇರಿದರೆ ಮಗುವಿಗೆ ಪಾಠ ಪೂರ್ತಿಯಾಗುತ್ತದೆ.

ಮಗು "ಯಾಕೆ?" ಎಂದು ಕೇಳಿದರೆ ಬೈದು ಸುಮ್ಮನಾಗಿಸಬೇಡಿ. ಉತ್ತರ ಗೊತ್ತಿಲ್ಲದಿದ್ದರೆ "ಬಾ, ಮಾಡಿ ನೋಡೋಣ" ಎನ್ನಿ. ಅಷ್ಟು ಹೇಳುವ ತಾಯಿ, ತಂದೆ ಸಿಕ್ಕ ಮಗು ಓದಿನಲ್ಲಿ ಹಿಂದೆ ಬೀಳುವುದಿಲ್ಲ.

ಓದಿ, ಉತ್ತರ ಹೇಳಿ

1. ಕೊಬ್ಬರಿ ಎಣ್ಣೆ ಎಷ್ಟು ಡಿಗ್ರಿಗೆ ಕರಗುತ್ತದೆ?
2. ಕಾಫಿಯಲ್ಲಿ ಸಕ್ಕರೆ ಕರಗುವುದಕ್ಕೂ ಬಾಣಲೆಯಲ್ಲಿ ಬೆಣ್ಣೆ ಕರಗುವುದಕ್ಕೂ ಏನು ವ್ಯತ್ಯಾಸ?
3. ಕಲಾಯಿ ಪಾತ್ರೆಯನ್ನು ಬರಿದಾಗಿ ಉರಿಯ ಮೇಲೆ ಯಾಕೆ ಇಡಬಾರದು?
4. ನಿಮ್ಮ ಮನೆಯಲ್ಲಿ ಬಿಸಿಗೆ ಕರಗುವ ಐದು ವಸ್ತುಗಳ ಹೆಸರು ಬರೆಯಿರಿ. ಯಾವುದು ಮೊದಲು ಕರಗುತ್ತದೋ ಅದನ್ನು ಮೊದಲು ಬರೆಯಿರಿ.

ಹೊಸ ಪದಗಳು

ಕರಗುವ ಬಿಂದು: ಗಟ್ಟಿ ವಸ್ತು ನೀರಾಗುವ ಬಿಸಿಯ ಮಟ್ಟ.
ವಿಲೀನವಾಗುವುದು: ಒಂದು ವಸ್ತು ನೀರಿನಂಥ ಇನ್ನೊಂದರಲ್ಲಿ ಬೆರೆತು ಕಾಣದಂತಾಗುವುದು.
ಹೆಪ್ಪುಗಟ್ಟುವುದು: ನೀರಾಗಿದ್ದದ್ದು ತಣಿದು ಗಟ್ಟಿಯಾಗುವುದು.
ಡಿಗ್ರಿ: ಬಿಸಿಯ ಅಳತೆ.